ಕುಟ್ಟಪ್ಪನ ದೂರು

ಕುಟ್ಟಪ್ಪನ ಮೂಗಿನಿಂದ ರಕ್ತ ಬಂದ ದಿನ ಬೆಳಿಗ್ಗೆ ಅವನನ್ನು ವಾಪಸ್ ಕಳಿಸಿಬಿಡೋದಕ್ಕೆ ನಾನು ಟ್ಯಾಕ್ಸಿ ಗೊತ್ತು ಮಾಡಿದ್ದೆ. ಇದನ್ನು ಮೊದಲೇ ಹೇಳಿಬಿಡ್ತೀನಿ. ಆಮೇಲೆ ಹೇಳೋಣ ಅಂದುಕೊಂಡರೆ ನನ್ನ ಬಗ್ಗೆ ನಾನೇ ಚೆನ್ನಾಗಿ ಬರೆದುಕೊಂಡುಬಿಡ್ತೀನಿ, ಆ ಬುದ್ಧಿ ನನಗಿದೆ. ನಾಯಿ ಸಾಕಿ, ಅದರ ಕಾಯಿಲೆ ತಿಳಿಯದೆ, ತಿಳಿದ ಮೇಲೆ ಎದೆ ಎದೆ ಬಡಿದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಪಕ್ಕದಲ್ಲೇ ನಾನೂ ಕೂತಿದ್ದೀನಿ ಅಂದುಕೊಳ್ಳಿ.

ನಾನು ಮಂಡ್ಯದ ಕಡೆಯವಳು. ಬಂದರಿಗೆ ಸೇರಿದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ನನ್ನ ಗಂಡ ನಾಗೇಶ್ ಬ್ಯಾಂಕಿನಲ್ಲಿ. ಇಬ್ಬರಿಗೂ ವರ್ಗಾವಣೆ ತಪ್ಪಿದ್ದಲ್ಲ. ಕೇರಳಕ್ಕೆ ಬಂದು ನಾಲ್ಕು ವರ್ಷ ಆದ ಮೇಲೆ ಎರಡು ವರ್ಷ ಅವರು ತಿರುವನಂತಪುರದಲ್ಲಿ, ನಾನೂ ಮಗಳು ಇಂಚರಾನೂ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ವಾರ್ಟರ್ಸಿನಲ್ಲಿ. ಆ ಎರಡು ವರ್ಷದಲ್ಲಿ ಮನೆಗೆ ಬಂದವನು ಕುಟ್ಟಪ್ಪ.

ವಲ್ಲಾರ್ಪಾಡಂ ಕಡೆ ಕಂಟೇನರ್ ಲಾರಿಗಳು ಓಡಾಡೋ ರಸ್ತೆಯಲ್ಲಿ ಯಾವುದೋ ಗಾಡಿ ಹೊಡೆದು ಬಿದ್ದಿದ್ದನಂತೆ. ಕೊಚ್ಚಿಯಲ್ಲೇ ವೈಟ್ಟಿಲದ ಲಿಸ್ಸಿ ಚೇಚಿ ಎತ್ತಿಕೊಂಡು ಬಂದು ಕಾಲಿಗೆ ಹೊಲಿಗೆ ಹಾಕಿಸಿ ಉಳಿಸಿದರು. ಲಿಸ್ಸಿ ಚೇಚಿ, ಅಂದರೆ ಲಿಸ್ಸಿ ಅಕ್ಕ, ನರ್ಸ್ ಆಗಿ ನಿವೃತ್ತರಾದವರು, ಮನೆಯ ಹಿತ್ತಲಲ್ಲೇ ಇಂಥ ಹದಿನೈದು ಇಪ್ಪತ್ತು ನಾಯಿಗಳನ್ನು ಸಾಕುತ್ತಾರೆ. ಅವರಿಂದಲೇ ನಾವು ಅವನನ್ನು ತಂದುಕೊಂಡಿದ್ದು. ಕುಟ್ಟಪ್ಪನ್ ಅಂತ ಹೆಸರಿಟ್ಟಿದ್ದರು. ನಮ್ಮ ಬಾಯಲ್ಲಿ ಅವನು ಕುಟ್ಟಪ್ಪ ಆದ. ಕಂದು ಬಣ್ಣ, ಒಂದು ಕಿವಿ ನಿಲ್ಲುತ್ತೆ, ಇನ್ನೊಂದು ಬೀಳುತ್ತೆ. ಮೊಸರನ್ನ ಅಂದರೆ ಪ್ರಾಣ. ಸಾಯಂಕಾಲ ಬಂದರಿನ ಕಡೆಯಿಂದ ಹಡಗು ಕೂಗಿದರೆ ಇವನೂ ಕತ್ತೆತ್ತಿ ಊಳಿಡೋನು. 'ಹೋಗಪ್ಪಾ, ನಿನ್ನನ್ನೇ ಕರೀತಿದಾರೆ, ಡ್ಯೂಟಿಗೆ ಲೇಟಾಯ್ತು' ಅಂತ ನಾನು ರೇಗಿಸೋಳು. ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಗೇಟಿನ ಹತ್ತಿರ ಇಡೀ ಮೈಯೇ ಬಾಲ ಆಗಿಬಿಡೋದು.

ಈಗ ನಮ್ಮ ಮನೆಯ ಕಾನೂನಿನ ವಿಷಯ ಹೇಳಬೇಕು. ವರ್ಗವಾಗಿ ಹೊಸ ಊರಿಗೆ ಹೋದ ಮೇಲೆ ಮೂರು ತಿಂಗಳು ನಮ್ಮಲ್ಲಿ ಯಾರೂ ದೂರು ಹೇಳೋ ಹಾಗಿಲ್ಲ. ನೀರು ಸರಿಯಿಲ್ಲ, ಸ್ಕೂಲು ಸರಿಯಿಲ್ಲ, ತಲೆನೋವು, ಊಟ ಸೇರಲ್ಲ, ಊಹೂಂ, ಏನೂ ಕೇಳಿಸಿಕೊಳ್ಳೋದಿಲ್ಲ. ಕಾನೂನು ಮಾಡಿದವಳು ನಾನೇ. ಮದುವೆಯಾದ ಹೊಸದರಲ್ಲಿ ವಿಶಾಖಪಟ್ಟಣಕ್ಕೆ ಹೋದಾಗ ನಾನು ದಿನಾ ಅಳ್ತಿದ್ದೆ, ನಾಗೇಶ್ ದಿನಾ ಸಿಡುಕೋರು. ಮೂರು ತಿಂಗಳಾದ ಮೇಲೆ ನೋಡಿದರೆ ಆ ದೂರುಗಳಲ್ಲಿ ಒಂದೂ ಉಳಿದಿರಲಿಲ್ಲ. ಅಲ್ಲಿಂದಾಚೆಗೆ ಹೊಸ ಮನೆಗೆ ಕಾಲಿಟ್ಟ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಆಚೆಗಿನ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕ್ತೀನಿ. ಅದು ದೂರಿನ ದಿನ. ಆವತ್ತು ಸಾಯಂಕಾಲ ಬೋಂಡ ಕರೀತೀನಿ. ಒಬ್ಬೊಬ್ಬರಾಗಿ ದೂರು ಹೇಳಬೇಕು, ಉಳಿದವರು ಮಧ್ಯೆ ಬಾಯಿ ಹಾಕಬಾರದು. ಚೆನ್ನೈನಲ್ಲೂ ಹೀಗೇ ನಡೀತು, ಕೊಚ್ಚಿಯಲ್ಲೂ ನಡೀತು. ಆಫೀಸಿನಲ್ಲಿ ಹೊಸದಾಗಿ ವರ್ಗವಾಗಿ ಬಂದವರಿಗೆಲ್ಲ ನಾನು ಇದನ್ನು ಹೆಮ್ಮೆಯಿಂದ ಹೇಳಿಕೊಡ್ತಿದ್ದೆ.

ಏಪ್ರಿಲ್ ಕೊನೆಗೆ ನನಗೂ ತಿರುವನಂತಪುರಕ್ಕೆ ಆರ್ಡರ್ ಬಂತು. ಅಂತೂ ಸಂಸಾರ ಒಂದು ಸೂರಿನಡಿ ಸೇರಿತು ಅಂತ ನಮಗೆ ಹಬ್ಬ. ನಾಗೇಶ್ ಒಂದು ಮನೆಯ ಮೇಲಿನ ಭಾಗ ಬಾಡಿಗೆಗೆ ಹಿಡಿದಿದ್ದರು. ಹದಿನೆಂಟು ಮೆಟ್ಟಿಲು. ಮೊದಲ ದಿನ ಕುಟ್ಟಪ್ಪ ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಟ್ಟ. 'ಏಳೋ ಸೋಮಾರಿ' ಅಂತ ಹಿಂದಿನಿಂದ ತಳ್ಳಿದೆ. ಕ್ವಾರ್ಟರ್ಸಿನಲ್ಲಿ ಮೆಟ್ಟಿಲೇ ಇರಲಿಲ್ಲ, ಅಭ್ಯಾಸ ಇಲ್ಲ, ಆಗುತ್ತೆ ಬಿಡಿ ಅಂದುಕೊಂಡೆವು. ಜುಲೈ ಮೂವತ್ತೊಂದಕ್ಕೆ ಸುತ್ತು ಹಾಕಿದೆ.

ಆಮೇಲೆ ಮೊಸರನ್ನ ಬಿಡೋಕೆ ಶುರು ಮಾಡಿದ. ಮೂಸಿ ನೋಡಿ ಮುಖ ತಿರುಗಿಸೋನು. ನಾಗೇಶ್ ಬೆನ್ನು ಸವರಿದರೆ ಗುರ್ ಅನ್ನೋನು. ಎರಡು ವರ್ಷ ಬರೀ ಶನಿವಾರ ಭಾನುವಾರ ಬಂದುಹೋಗುತ್ತಿದ್ದ ಮನುಷ್ಯ ಈಗ ದಿನಾ ಮನೆಯಲ್ಲಿ, ಅದಕ್ಕೇ ಹೊಟ್ಟೆಕಿಚ್ಚು ಅಂತ ನಾವಿಬ್ಬರೂ ನಕ್ಕೆವು. ನಿಜ ಹೇಳಬೇಕೂಂದರೆ ನಾಗೇಶ್ ನಗಲಿಲ್ಲ, ಅವರಿಗೆ ಬೇಜಾರಾಗಿತ್ತು. 'ನನ್ನನ್ನ ಕಂಡರೆ ಆಗಲ್ಲ ಅದಕ್ಕೆ' ಅಂದರು. 'ಮೂರು ತಿಂಗಳು' ಅಂದೆ ನಾನು, ಬೆರಳು ತೋರಿಸಿ.

ಮಂಚದ ಕೆಳಗೆ ಸೇರಿಕೊಂಡರೆ ಹೊರಗೆ ಬರ್ತಿರಲಿಲ್ಲ. ಇಂಚರಾ ಸ್ಕೂಲಿಂದ ಬಂದರೆ ಬಾಲ ಮಾತ್ರ ಎರಡು ಸಲ ನೆಲಕ್ಕೆ ಬಡಿಯೋನು, ಏಳೋನಲ್ಲ. ಬಾಗಿಲ ಹತ್ತಿರ ಉಚ್ಚೆ ಹುಯ್ದುಬಿಡೋನು, ಅದೂ ನಾನು ನೆಲ ಒರೆಸಿದ ಮೇಲೆ. ಮೈಯಲ್ಲಿ ಉಣ್ಣಿ ಸಿಕ್ಕಾಗ ಕಿತ್ತು ಸೀಮೆಎಣ್ಣೆ ಬಟ್ಟಲಿಗೆ ಹಾಕ್ತಿದ್ದೆ. ಪಕ್ಕದಲ್ಲಿ ಪೊದೆ ಬೆಳೆದ ಖಾಲಿ ಸೈಟು, ಉಣ್ಣಿ ಹತ್ತದೆ ಇರುತ್ತಾ ಅಂತ ನನ್ನ ಸಮಾಧಾನ.

ಇಂಚರಾಗೆ ಹನ್ನೆರಡು ವರ್ಷ. ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರ ಕೊಡ್ತಾಳೆ, ಅದು ನಮ್ಮ ಮನೆಯ ಮಾಮೂಲು. ಜೂನ್ ತಿಂಗಳಲ್ಲಿ ಒಂದು ದಿನ ಮಂಚದ ಕೆಳಗೆ ಅರ್ಧ ತೂರಿಕೊಂಡೇ 'ಅವನು ವಯ್ಯಮ್ಮೇ' ಅಂದಳು. ಅವನಿಗೆ ಹುಷಾರಿಲ್ಲಮ್ಮಾ, ಕೈಲಾಗ್ತಿಲ್ಲ ಅಂತ. ಅವಳು ಹೇಳಿದ್ದು ನನಗೆ ತಿಳಿಯಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಕೇರಳಕ್ಕೆ ಬಂದು ಆರು ವರ್ಷ ಆಗಿದೆ.

'ಮೂರು ತಿಂಗಳು ಆಗಲಿ' ಅಂದೆ.

'ಅದು ನಮಗಲ್ವಾ ಅಮ್ಮೇ? ಅವನಿಗೂನಾ?'

'ಈ ಮನೆಯ ಅನ್ನ ತಿನ್ನೋರಿಗೆಲ್ಲ' ಅಂತ ತಮಾಷೆ ಮಾಡಿದೆ. ಅವನು ಅನ್ನ ತಿಂದು ಎಷ್ಟು ದಿನ ಆಗಿತ್ತು ಅನ್ನೋದು ಆ ಹೊತ್ತಿಗೆ ತಲೆಗೇ ಬರಲಿಲ್ಲ.

ಜುಲೈ ಮೊದಲ ವಾರ ಇಂಚರಾ ಅವನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸೋಕೆ ಹೋದಳು. ಕುಯ್ಯೋ ಅಂತ ಕೂಗಿ ಅವಳ ಮಣಿಕಟ್ಟಿಗೆ ಬಾಯಿ ಹಾಕಿದ. ಎರಡು ಹಲ್ಲಿನ ಗೀರು, ಸ್ವಲ್ಪ ರಕ್ತ. ನಾನು ಓಡಿಬಂದವಳು ಅವನನ್ನು ಹೊಡೆದೆ. ಕೈಯಲ್ಲಿ ಸಿಕ್ಕಿದ ಪೊರಕೆಯಿಂದ ಹೊಡೆದೆ. ಅವನು ಓಡಲಿಲ್ಲ, ಕಣ್ಣು ಮುಚ್ಚಿಕೊಂಡು ಅಲ್ಲೇ ನಿಂತಿದ್ದ. ಆ ಕಣ್ಣು ಮುಚ್ಚಿಕೊಂಡ ಮುಖ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ, ಅನ್ನ ಕಲಸುವಾಗ ಬರುತ್ತೆ, ಆಫೀಸಿನಲ್ಲಿ ಸಹಿ ಹಾಕುವಾಗ ಬರುತ್ತೆ. ಇಂಚರಾಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಯಿತು. ಕುಟ್ಟಪ್ಪನನ್ನು ಕೆಳಗೆ ಮೆಟ್ಟಿಲಿನ ಅಡಿ ಕಟ್ಟಿಹಾಕಿದೆ. ಮಗಳು ಸುಮ್ಮನೆ ಅವನ ಪಕ್ಕ ಹೋಗಿ ಕೂತಳು, ಕೈಗೆ ಬ್ಯಾಂಡೇಜ್ ಕಟ್ಟಿಕೊಂಡೇ.

ಲಿಸ್ಸಿ ಚೇಚಿಗೆ ಫೋನ್ ಮಾಡಿದೆ. ನಾಯಿ ಕಚ್ಚುತ್ತೆ ಚೇಚಿ, ಮನೆಯಲ್ಲಿ ಮಗು ಇದೆ, ನೀವೇ ವಾಪಸ್ ತಗೊಳ್ಳಿ ಅಂದೆ. ಅವರು ರೇಗಲಿಲ್ಲ. ಊಟ ಮಾಡ್ತಾನಾ, ಉಚ್ಚೆ ಯಾವ ಬಣ್ಣ, ತುಟಿ ಎತ್ತಿ ಒಸಡು ನೋಡಿದ್ಯಾ ಅಂತ ಒಂದೊಂದೇ ಕೇಳಿದರು. ನಾನು ಒಸಡು ನೋಡಿರಲಿಲ್ಲ. 'ಅದೆಲ್ಲ ಸರಿಯಾಗಿದೆ ಚೇಚಿ, ಸ್ವಭಾವ ಕೆಟ್ಟಿದೆ ಅಷ್ಟೆ' ಅಂದೆ.

'ಗಾಡಿ ಹೊಡೆದು ಬಿದ್ದಿದ್ದಾಗಲೂ ಅವನು ನನ್ನನ್ನ ಕಚ್ಚಲಿಲ್ಲ ಮೋಳೇ. ಕಳಿಸು. ನನ್ನ ಗೇಟು ಅವನಿಗೆ ಯಾವಾಗಲೂ ತೆರೆದಿದೆ' ಅಂದರು, ಮಗಳೇ ಅಂತ ಕರೆದೇ. ಶನಿವಾರಕ್ಕೆ ಟ್ಯಾಕ್ಸಿ ಹೇಳಿದೆ. ಇಂಚರಾ ನನ್ನ ಜೊತೆ ಮಾತು ಬಿಟ್ಟಳು.

ಶನಿವಾರ ಬೆಳಿಗ್ಗೆ ಅವನ ಬೆಲ್ಟು, ತಟ್ಟೆ ಎಲ್ಲ ಒಂದು ಚೀಲಕ್ಕೆ ಹಾಕಿ ಕೆಳಗೆ ತಂದೆ. ಕುಟ್ಟಪ್ಪ ಮುಂಗಾಲಿನ ಮೇಲೆ ಮುಖವಿಟ್ಟು ಮಲಗಿದ್ದ. ಎರಡೂ ಕಾಲು ಕೆಂಪಗಿತ್ತು. ಮೂಗಿನಿಂದ ರಕ್ತ ಇಳಿದಿತ್ತು, ಅದು ತನ್ನದಲ್ಲವೇನೋ ಅನ್ನೋ ಹಾಗೆ ಸುಮ್ಮನೆ ನೋಡುತ್ತಿದ್ದ. ಟ್ಯಾಕ್ಸಿಯ ಶಾಜಿ ಬಂದವನು ನೋಡಿ ಚೀಲವನ್ನು ನನ್ನ ಕೈಯಿಂದ ಇಸಕೊಂಡ. 'ಚೇಚಿ, ಕೊಚ್ಚಿ ಬೇಡ. ಮೊದಲು ಆಸ್ಪತ್ರೆಗೆ ಹೋಗೋಣ' ಅಂದ. ಹೊಸ ಸೀಟ್ ಕವರ್ ಹಾಕಿಸಿದ್ದ, ರಕ್ತ ಆಗುತ್ತೆ ಅಂತ ಒಂದು ಮಾತು ಆಡಲಿಲ್ಲ. ನಾಗೇಶ್, ಇಂಚರಾ ಇಬ್ಬರೂ ಜೊತೆಗೆ ಹತ್ತಿದರು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಯೋ ಜಾಗ ಅಂದರೆ ಶೀಟು ಹೊದಿಸಿದ ಒಂದು ವರಾಂಡ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆಕ್ಕು, ಹಗ್ಗ ಹಿಡಿದು ಆಡು, ಒಬ್ಬ ಅಜ್ಜನ ಕಂಕುಳಲ್ಲಿ ಟವೆಲ್ ಸುತ್ತಿದ ಕೋಳಿ. ಕಾಯಿಲೆ ಬಿದ್ದ ಪ್ರಾಣಿಗಳ ಮಧ್ಯೆ ಅಷ್ಟೊಂದು ಮೌನ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಮಾತೆಲ್ಲ ಮನುಷ್ಯರದ್ದೇ. ಅಜ್ಜ ಕುಟ್ಟಪ್ಪನನ್ನು ನೋಡಿ ತನ್ನ ಸರದಿ ಚೀಟಿ ನಮಗೆ ಕೊಟ್ಟರು. ಕೋಳಿ ಕಾಯುತ್ತೆ, ನೀವು ಹೋಗಿ ಅಂದರು. ಆ ಅಜ್ಜನ ಹೆಸರೂ ನಾನು ಕೇಳಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಕುಟ್ಟಪ್ಪನ ತುಟಿ ಎತ್ತಿದರು. ಒಸಡು ಒಗೆದ ಪಂಚೆಯ ಹಾಗೆ ಬೆಳ್ಳಗಿತ್ತು. ಇದಕ್ಕೆ ಪುಸ್ತಕ ಓದಬೇಕಿರಲಿಲ್ಲ, ತುಟಿ ಎತ್ತಿ ನೋಡಿದ್ದರೆ ಸಾಕಿತ್ತು.

'ಎಷ್ಟು ದಿನದಿಂದ ಹೀಗಿದ್ದಾನೆ?'

'ಇವತ್ತು ಬೆಳಿಗ್ಗೆಯಿಂದ' ಅಂದೆ.

'ರಕ್ತದ ವಿಷಯ ಅಲ್ಲ. ಅದಕ್ಕೆ ಮುಂಚೆ?'

ನಾನು ಏನಂದೆ ಗೊತ್ತಾ? 'ನಾವು ಟ್ರಾನ್ಸ್‌ಫರ್ ಆಗಿ ಬಂದಿದ್ದೀವಿ' ಅಂದೆ. ಅದೇ ಉತ್ತರ ಅನ್ನೋ ಹಾಗೆ. ಡಾಕ್ಟರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ನಾಗೇಶ್ ತಲೆ ತಗ್ಗಿಸಿದರು. ಇಂಚರಾ ಮುಂದೆ ಬಂದು, ಮೇ ತಿಂಗಳಿಂದ ಅಂತ ಮಲಯಾಳಂನಲ್ಲಿ ಹೇಳಿದಳು.

ಉಣ್ಣಿಯಿಂದ ಬರೋ ಜ್ವರ. ಮೊದಲೇ ಬಂದಿದ್ದರೆ ಮಾತ್ರೆಯಲ್ಲೇ ಹೋಗೋ ಸಾಧ್ಯತೆ ಇತ್ತಂತೆ. ಈಗ ಮೂಳೆಯೊಳಗೆ ಹೊಸ ರಕ್ತ ಹುಟ್ಟೋದೇ ನಿಂತಿದೆ. ಕೀಲುಗಳಲ್ಲೆಲ್ಲ ನೋವು ಇರುತ್ತೆ, ಮುಟ್ಟಿದರೆ ತಡೆಯೋಕಾಗಲ್ಲ, ಅದಕ್ಕೇ ಕಚ್ಚಿದ್ದಾನೆ ಅಂದರು. ನಾನು ಪೊರಕೆಯ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಇಲ್ಲೇ ಮೊದಲು ಹೇಳ್ತಿರೋದು.

ರಕ್ತ ಕೊಡಬೇಕು, ಬೇರೆ ನಾಯಿಯದ್ದು, ತಕ್ಷಣ ಅಂದರು. ನಮಗೆ ಈ ಊರಿನಲ್ಲಿ ನಾಯಿ ಇರಲಿ, ಮನುಷ್ಯರೇ ಗೊತ್ತಿಲ್ಲ. ಲಿಸ್ಸಿ ಚೇಚಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಬೈಯ್ಯಿರಿ ಚೇಚಿ ಅಂದೆ. 'ಬೈಯ್ಯೋಕೆ ಆಮೇಲೆ ಟೈಮಿದೆ' ಅಂತ ಫೋನ್ ಇಟ್ಟರು. ಸಾಯಂಕಾಲದ ಹೊತ್ತಿಗೆ ವೈಟ್ಟಿಲದಿಂದ ಅಷ್ಟು ದೂರ ಜೀಪಿನಲ್ಲಿ ಬಂದಿಳಿದರು, ಎರಡು ದೊಡ್ಡ ನಾಯಿಗಳ ಜೊತೆ. ಒಂದರ ರಕ್ತ ಹೊಂದಿತು. ಮೂರೇ ಕಾಲಿನ ಕಪ್ಪು ನಾಯಿ, ಅದೂ ಯಾವುದೋ ರಸ್ತೆಯಲ್ಲಿ ಸಿಕ್ಕಿದ್ದು. ಟೇಬಲ್ಲಿನ ಮೇಲೆ ಪಕ್ಕಕ್ಕೆ ಒರಗಿ ಮಲಗಿ ರಕ್ತ ಕೊಟ್ಟು, ಎದ್ದು ಕುಟ್ಟಪ್ಪನನ್ನು ಮೂಸಿ ನೋಡಿತು. ಕುಟ್ಟಪ್ಪ ಬಾಲ ಆಡಿಸಿದ, ವಾರಗಳ ಮೇಲೆ. ನಾನು ಲಿಸ್ಸಿ ಚೇಚಿಯ ಕಾಲಿಗೆ ಬೀಳೋಕೆ ಹೋದರೆ ಅವರು ಹಿಂದೆ ಸರಿದು, 'ನನಗಲ್ಲ, ಅವನಿಗೆ' ಅಂತ ಆ ಮೂರು ಕಾಲಿನವನನ್ನು ತೋರಿಸಿದರು.

ಹನ್ನೊಂದು ದಿನ ಸಿಕ್ಕಿತು. ಮೊದಲ ನಾಲ್ಕು ದಿನ ಬದುಕ್ತಾನೆ ಅಂತಲೇ ಅಂದುಕೊಂಡಿದ್ದೆವು. ಒಸಡಿಗೆ ಬಣ್ಣ ಬಂತು. ಚಮಚದಲ್ಲಿ ಮೊಸರನ್ನ ಹಿಡಿದರೆ ಮೂರು ತುತ್ತು ತಿಂದ, ನಾನು ಆಫೀಸಿಗೆ ಫೋನ್ ಮಾಡಿ ಹೇಳಿದೆ, 'ಮೂರು ತುತ್ತು ಸರ್!' ಅಂತ, ಅವರಿಗೆ ಏನು ಅರ್ಥವಾಯಿತೋ. ದಿನಾ ಬೆಳಿಗ್ಗೆ ಶಾಜಿ ಬರೋನು, ಡ್ರಿಪ್ ಹಾಕಿಸಿ ಕರ್ಕೊಂಡು ಬರೋದು. ಮೇಲೆ ಹತ್ತಿಸೋ ಕೆಲಸ ನಾಗೇಶರದ್ದು. ಕುಟ್ಟಪ್ಪನ ಹೊಟ್ಟೆಯ ಕೆಳಗೆ ಬೆಡ್‌ಶೀಟ್ ಹಾಕಿ ಎತ್ತಿಕೊಂಡು ಹದಿನೆಂಟು ಮೆಟ್ಟಿಲನ್ನೂ ನಿಧಾನವಾಗಿ ಹತ್ತೋರು. ಆಗೆಲ್ಲ ಕುಟ್ಟಪ್ಪ ಗುರ್ ಅನ್ನಲಿಲ್ಲ, ಅವರ ಕತ್ತಿನ ಹತ್ತಿರ ಮೂಗು ಇಟ್ಟುಕೊಂಡಿರೋನು. 'ನನ್ನನ್ನ ಕಂಡರೆ ಆಗುತ್ತೆ ಕಣೇ ಅದಕ್ಕೆ' ಅಂತ ಈ ಮನುಷ್ಯ ಒಂದು ದಿನ ಮೆಟ್ಟಿಲ ಮೇಲೆ ನಿಂತು ಅತ್ತರು.

ಏಳನೇ ದಿನಕ್ಕೆ ಒಸಡು ಮತ್ತೆ ಬಿಳಿಚಿತು. ಇನ್ನೊಂದು ಸಲ ರಕ್ತ ಕೊಟ್ಟರು, ನಿಲ್ಲಲಿಲ್ಲ. ಹತ್ತನೇ ದಿನ ಡಾಕ್ಟರು ಕೈಗವಸು ಬಿಚ್ಚಿ, ಮನೆಗೆ ಕರ್ಕೊಂಡು ಹೋಗಿ, ಅವನಿಗೆ ಇಷ್ಟವಾದ ಜಾಗದಲ್ಲಿ ಮಲಗಿಸಿ ಅಂದರು. ಅವನಿಗೆ ಇಷ್ಟವಾದ ಜಾಗ ಕೊಚ್ಚಿಯಲ್ಲಿತ್ತು. ನಾನು ಲಿಸ್ಸಿ ಚೇಚಿಗೆ ಹೇಳಿದೆ. ಅವರು ಆವತ್ತೇ ಸಾಯಂಕಾಲ ಐಲ್ಯಾಂಡಿಗೆ ಹೋಗಿ, ಹಡಗು ಕೂಗೋ ತನಕ ಕಾದು, ಫೋನಿನಲ್ಲಿ ಆ ಸದ್ದು ಹಿಡಿದು ಕಳಿಸಿದರು.

ಬುಧವಾರ ಮಧ್ಯಾಹ್ನ. ಕಿಟಕಿಯ ಹತ್ತಿರ ಹಾಸಿಗೆ ಹಾಕಿ ಮಲಗಿಸಿದ್ದೆವು. ಇಂಚರಾ ಫೋನನ್ನು ಅವನ ಕಿವಿಯ ಹತ್ತಿರ ಇಟ್ಟಳು. ಹಡಗು ಕೂಗಿತು. ಬಿದ್ದ ಕಿವಿಯೂ ಎದ್ದಿತು. ಗಂಟಲಿನೊಳಗೆ ಸಣ್ಣದೊಂದು ಸದ್ದು ಬಂತು, ಊಳಿಡೋಕೆ ಹೊರಟವನ ಹಾಗೆ. ಕತ್ತು ಮೇಲೇಳಲಿಲ್ಲ. ನಾನು ತಲೆ ಹಿಡಿದು ಎತ್ತಿದೆ. ನನ್ನ ಕೈಯನ್ನು ಒಂದು ಸಲ ನೆಕ್ಕಿದ, ಅದೇ ಕೈಯನ್ನು. ಅರ್ಧ ಗಂಟೆಯಲ್ಲಿ ಹೋದ. ಮನೆ ಮಾಲೀಕರು ಹಿತ್ತಲ ತೆಂಗಿನಮರದ ಪಕ್ಕ ಜಾಗ ಕೊಟ್ಟರು, ಶಾಜಿ ಬಂದು ಗುಂಡಿ ತೋಡಿದ.

ಆಮೇಲೆ ಒಂಬತ್ತು ದಿನಕ್ಕೆ ಕ್ಯಾಲೆಂಡರಿನ ಕೆಂಪು ಸುತ್ತು ಬಂತು. ನಾನು ಆ ಹಾಳೆಯನ್ನೇ ಹರಿದುಹಾಕಬೇಕು ಅಂತಿದ್ದೆ. ಆವತ್ತು ನಾನು ಆಫೀಸಿಂದ ಬರುವಷ್ಟರಲ್ಲಿ ಇಂಚರಾ ಅಡುಗೆಮನೆಯಲ್ಲಿ ಕಡಲೆಹಿಟ್ಟಿನ ಡಬ್ಬಿ ತೆಗೆದಿಟ್ಟು, ಆಲೂಗಡ್ಡೆ ಬೇಯಿಸಿಟ್ಟು ನಿಂತಿದ್ದಳು. 'ಇವತ್ತು ದೂರಿನ ದಿನ' ಅಂದಳು. ಮಾತು ಬಿಟ್ಟಿದ್ದವಳು ನನಗೆ ಹೇಳಿದ ಮೊದಲ ಮಾತು ಅದು.

ಬೋಂಡ ಕರಿದೆ. ಮೂವರೂ ನೆಲದ ಮೇಲೆ ಕೂತೆವು. ನಾಗೇಶ್ ತಮ್ಮದೇನೂ ದೂರಿಲ್ಲ ಅಂದರು. ನನ್ನದೂ ಇರಲಿಲ್ಲ.

ಇಂಚರಾ ಹೇಳಿದಳು, 'ನಾನು ಕುಟ್ಟಪ್ಪನ ದೂರು ಹೇಳ್ತೀನಿ. ಕನ್ನಡದಲ್ಲೇ ಹೇಳ್ತೀನಿ, ಮಲಯಾಳಂನಲ್ಲಿ ಹೇಳಿದಾಗ ನೀವು ಕೇಳ್ಲಿಲ್ಲ. ಮಧ್ಯೆ ಯಾರೂ ಮಾತಾಡ್ಬಾರ್ದು.'

ತೊದಲುತ್ತಾ, ಶಬ್ದ ಹುಡುಕಿಕೊಳ್ಳುತ್ತಾ ಹೇಳಿದಳು. 'ಬಂದ ದಿನ ಮೆಟ್ಟಿಲು ಹತ್ತುವಾಗ ನಂಗೆ ಕಾಲು ನೋಯ್ತು. ಕೂತ್ಕೊಂಡೆ. ಅಮ್ಮ ಸೋಮಾರಿ ಅಂದ್ಳು. ಮೊಸರನ್ನ ನೋಡಿದ್ರೆ ವಾಂತಿ ಬರೋ ಹಾಗಾಯ್ತು. ಹಸಿವಾದ್ರೆ ತಿಂತಾನೆ ಅಂದ್ಳು. ಅಪ್ಪ ಬೆನ್ನು ಮುಟ್ಟಿದ್ರೆ ನೋವು. ಅದಕ್ಕೆ ಗುರ್ ಅಂದೆ. ಅಪ್ಪನ ಮೇಲೆ ಕೋಪ ಇರ್ಲಿಲ್ಲ. ಉಚ್ಚೆಗೆ ಕೆಳಗೆ ಹೋಗೋಕೆ ಆಗ್ಲಿಲ್ಲ. ಬಾಗಿಲ ತನಕ ಬಂದೆ. ಅಷ್ಟೇ ಆಯ್ತು. ಇಂಚರಾನ ಕಚ್ಚಿದ್ದು ನಂಗೆ ಗೊತ್ತಾಗ್ಲಿಲ್ಲ.'

ನಾಗೇಶ್ ಬಾಯಿಗೆ ಪಂಚೆಯ ತುದಿ ಒತ್ತಿಕೊಂಡಿದ್ದರು. ನಾನು ಪೊರಕೆಯ ದೂರಿಗಾಗಿ ಕಾದೆ. ಬರಲಿಲ್ಲ.

ಕಾನೂನು ಮುರಿದು ಕೇಳಿದೆ, 'ಮುಗೀತಾ? ನನ್ನ ಮೇಲೆ?'

'ಅವನಿಗೆ ನಿನ್ನ ಮೇಲೆ ದೂರು ಇರ್ಲಿಲ್ಲ ಅಮ್ಮಾ' ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. 'ನಂಗಿದೆ.'

'ಹೇಳು' ಅಂದೆ.

ಹೇಳಿದಳು. ಕತ್ತಲಾಗೋ ತನಕ ಹೇಳಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ.